ಹೊರೆ ಹೊತ್ತ ಕತ್ತರಿ

ಒಂದು ಬಸ್ ಡಿಪೋದ ಡೇಟಾಬೇಸಿನಲ್ಲಿ ಕತ್ತರಿಯೊಂದು ಕೆಲಸಕ್ಕಿತ್ತು. ನೂರಾರು ಸ್ಟಾಪುಗಳ ಹೆಸರನ್ನು ನಡುನಡುವೆ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಪೋಣಿಸಿಟ್ಟಿದ್ದರು. ಕತ್ತರಿ ಅದನ್ನು ಒಂದೊಂದೇ ಹೆಸರಾಗಿ ಬಿಡಿಸಿ ಕೊಡಬೇಕಿತ್ತು. "ಮೊದಲ ಬಸ್ಸು ಹೊರಡುವುದರೊಳಗೆ ಮುಗಿಯದಿದ್ದರೆ ನಾಳೆ ಬೇರೆ ಕತ್ತರಿ ಬರುತ್ತದೆ," ಎಂದು ಟಿಕೆಟ್ ಯಂತ್ರ ಗದರಿತು.

ಕತ್ತರಿ ಮೈಬಗ್ಗಿಸಿ ದುಡಿಯಿತು. ಒಂದು ಹೆಸರು ಕತ್ತರಿಸುವುದು, ಉಳಿದ ಸಾಲನ್ನೆಲ್ಲ ಹೆಗಲಿಗೇರಿಸಿ ಹೊಸ ಜಾಗದಲ್ಲಿ ಇಳಿಸುವುದು, ಮತ್ತೊಂದು ಹೆಸರು ಕತ್ತರಿಸುವುದು, ಮತ್ತೆ ಹೊರುವುದು. ಸಾಲಿನ ಆರಂಭದಲ್ಲೇ ಇದ್ದ ಅರಳಿಕಟ್ಟೆ ಸ್ಟಾಪಿನ ಹೆಸರು ದಾಟುವಷ್ಟರಲ್ಲೇ ಏದುಸಿರು ಬಂತು.

ಸಾಲಿನೊಳಗಿಂದ ಅಲ್ಪವಿರಾಮವೊಂದು ಕಿಸಕ್ಕನೆ ನಕ್ಕಿತು. "ಕತ್ತರಿಯಣ್ಣ, ಒಬ್ಬರು ಇಳಿದಾಗಲೆಲ್ಲ ಉಳಿದವರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸುವ ಕಂಡಕ್ಟರನ್ನು ನೋಡಿದ್ದೀಯಾ?"

"ಎಲೇ ಬಾಲದ ಚುಕ್ಕಿ, ನನಗೇ ಪಾಠವೋ? ಉಳಿದದ್ದನ್ನು ಜೋಪಾನ ಮಾಡುವವರು ಯಾರು?"

"ನಾವೆಲ್ಲಿಗೆ ಓಡಿಹೋಗುತ್ತೇವೆ? ಬಾಲ ಇಳಿಬಿಟ್ಟು ನಿಂತೇ ಇದ್ದೇವೆ. ಸಾಲು ಇದ್ದಲ್ಲೇ ಇರಲಿ, ನೀನೇ ಪಕ್ಕದಲ್ಲಿ ನಡೆದು ಬಾ. ಬಾಲ ಕಂಡಲ್ಲಿ ಕತ್ತರಿಸು."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಕತ್ತರಿ ಮುಖ ಸಿಂಡರಿಸಿಕೊಂಡೇ ಹೊರೆ ಇಳಿಸಿ ನಡೆಯಿತು. ಕಚಕಚನೆ ಸಾಲು ಮುಗಿಯಿತು. ಬಸ್ಸಿನ್ನೂ ಗೇಟಿನಲ್ಲೇ ಇತ್ತು.

"ನೋಡಿದಿರಾ ನನ್ನ ಅಲಗಿನ ಹರಿತ!" ಎಂದು ಕತ್ತರಿ ಬೀಗಿತು.

ಅಷ್ಟರಲ್ಲಿ ಇನ್ನೊಂದು ಸಾಲು ಬಂತು. ಕತ್ತರಿ ಮೊದಲ ಹೆಸರು ಕತ್ತರಿಸಿ, ಅಭ್ಯಾಸಬಲದಿಂದ ಉಳಿದದ್ದಕ್ಕೆ ಹೆಗಲು ಕೊಟ್ಟಿತು. ಅಲ್ಪವಿರಾಮಗಳೆಲ್ಲ ಒಟ್ಟಿಗೆ ಕೆಮ್ಮಿದವು. ಕತ್ತರಿ ಆಚೀಚೆ ನೋಡಿ, ಹೊರೆಯನ್ನು ಮೆಲ್ಲಗೆ ಕೆಳಗಿಟ್ಟಿತು.