ನರಿ ಹಂಚಿದ ಗೆಣಸು

ಒಂದು ಕಾಡಿನಲ್ಲಿ ದೊಡ್ಡ ಕೆರೆಯಿತ್ತು. ಹೊಟ್ಟೆಪಾಡಿಗೆಂದು ಮೂಲೆಮೂಲೆಯಿಂದ ಬಂದ ಪ್ರಾಣಿಗಳೆಲ್ಲ ಅದರ ಸುತ್ತ ಒತ್ತೊತ್ತಾಗಿ ಬಿಲ ತೋಡಿಕೊಂಡಿದ್ದರಿಂದ ಅದೊಂದು ಪಟ್ಟಣದಂತೆಯೇ ಆಗಿಹೋಗಿತ್ತು. ಪಕ್ಕದ ಬಿಲದಲ್ಲಿ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ತಾವು ಅಗೆದ ಗೆಣಸಿನಲ್ಲಿ ಒಂದು ಪಾಲನ್ನು ಎಲ್ಲರಿಗೂ ಸೇರಿದ ಕಣಜಕ್ಕೆ ಹಾಕಬೇಕು, ಹಸಿದವರಿಗೆ ಅದರಿಂದ ಕೊಡಬೇಕು ಎಂಬುದು ಅಲ್ಲಿಯ ಕಟ್ಟಳೆ. ಕಣಜದ ಉಸ್ತುವಾರಿ ಮುಖಂಡ ನರಿಯದು.

ವರ್ಷವಿಡೀ ಕಣಜದ ಬಾಗಿಲು ಮುಚ್ಚಿರುತ್ತಿತ್ತು. ಹೋಗಿ ಕೇಳಿದರೆ ನರಿ "ನಾಳೆ ಬನ್ನಿ" ಎನ್ನುತ್ತಿತ್ತು. ಮುಖಂಡನ ಚುನಾವಣೆ ಬಂತು. ಬಯಲಿನಲ್ಲಿ ಯಾರ ಹಿಂದೆ ಹೆಚ್ಚು ಮಂದಿ ನಿಲ್ಲುತ್ತಾರೋ ಅವರೇ ಮುಖಂಡ. ನರಿಯೇ ಕಣಜದ ಗೆಣಸು ಹೊತ್ತು ಬಿಲಬಿಲಕ್ಕೂ ಹೊರಟಿತು.

ಕೆರೆಯ ಕೆಳಗಿನ ತಗ್ಗಿನಲ್ಲಿ ಒಂದು ತಾಯಿಮೊಲ ಮರಿಗಳೊಂದಿಗೆ ವಾಸವಾಗಿತ್ತು.

"ತಗೋ ತಂಗಿ, ಅಣ್ಣ ಕೊಟ್ಟಿದ್ದು ಅಂದ್ಕೋ," ಎಂದಿತು ನರಿ. "ನಾಳೆ ಬಯಲಲ್ಲಿ ಯಾರ ಹಿಂದೆ ನಿಲ್ತೀಯ ಅಂತ ನೋಡ್ತಿರ್ತೀನಿ. ನಾನು ಸೋತ್ರೆ ಇದೂ ನಿಂತುಹೋಗುತ್ತೆ, ನೆನಪಿರಲಿ."

ತಾನೇ ಅಗೆದು ಹಾಕಿದ ಗೆಣಸಿಗೆ ಮೊಲ ಕೈಮುಗಿಯಿತು.

ಚುನಾವಣೆಯಲ್ಲಿ ನರಿಯ ಎದುರು ನಿಂತಿದ್ದ ಮುಳ್ಳುಹಂದಿಯೂ ಬಂತು, ಬರಿಗೈಯಲ್ಲಿ.

"ಅಕ್ಕಾ, ಕೆರೆ ತುಂಬಿದರೆ ನೀರು ಹೋಗೋ ಕಾಲುವೆಗೆ ನರಿ ಮಣ್ಣು ತುಂಬಿ ಮನೆ ಕಟ್ಟಿಕೊಂಡಿದೆ. ಮಳೆಗೆ ಮುಂಚೆ ಅದನ್ನ ಬಿಡಿಸಲೇಬೇಕು. ಇಲ್ಲದಿದ್ರೆ ಮೊದಲು ಮುಳುಗೋದು ನಿನ್ನ ಬಿಲ. ಗೆಣಸು ನಿಮ್ಮದೇ, ಯಾರ ಹಿಂದೆ ನಿಂತರೂ ಅದು ಸಿಗಬೇಕು."

"ನೀನು ಹೇಳೋದು ಸರಿ ಮುಳ್ಳಣ್ಣ. ಮಕ್ಕಳು ಹಸಿವು ಅಂದಾಗ ಕಾಲುವೆ ತಿನ್ನಿಸಲಾ?"

ಮುಳ್ಳುಹಂದಿ ಮುಂದಿನ ಬಿಲದತ್ತ ಹೊರಟಿತು.

ಮರುದಿನ ಬಯಲಿನಲ್ಲಿ ನರಿಯ ಹಿಂದೆ ಹೆಚ್ಚಿನವರು ಹಿಂಡುಹಿಂಡಾಗಿ ನಿಂತರು. ಮೊಲವೂ ನಿಂತಿತು. ನರಿ ಗೆದ್ದಿತು. ಕಣಜದ ಬಾಗಿಲು ಮತ್ತೆ ಮುಚ್ಚಿತು.

ಮೋಡ ಕಟ್ಟತೊಡಗಿದಾಗ ಮೊಲ ನರಿಯ ಮನೆಗೆ ಹೋಯಿತು. "ಅಣ್ಣಾ, ಕಾಲುವೆ ಬಿಡಿಸಿಕೊಡು. ಮರಿಗಳಿವೆ."

ನರಿ ಮಲಗಿದ್ದಲ್ಲಿಂದ ಏಳಲಿಲ್ಲ. "ಗೆಣಸು ತಿಂದೆ ತಾನೆ? ಅದಕ್ಕೇ ನಿಂತೆ. ಅಲ್ಲಿಗೆ ಮುಗೀತು. ಇನ್ನೇನು ಕೇಳೋಕೆ ಬಂದೆ?"

ಮೊಲ ತಲೆತಗ್ಗಿಸಿಕೊಂಡು ಮರಳಿತು.

ಮಳೆ ಹಿಡಿಯಿತು. ಕೆರೆ ಉಕ್ಕಿತು. ದಾರಿ ಸಿಗದ ನೀರು ತಗ್ಗಿಗೆ ನುಗ್ಗಿತು. ಮೊಲ ಮರಿಗಳನ್ನು ಬಾಯಲ್ಲಿ ಕಚ್ಚಿ ಒಂದೊಂದಾಗಿ ಎಳೆದು ತಂದಿತು. ಎಲ್ಲಕ್ಕಿಂತ ಚಿಕ್ಕದು ಬಿಲದಲ್ಲೇ ಉಳಿಯಿತು.

ಇನ್ನೂ ಏರಿದ ನೀರು ತನ್ನ ಹಳೆಯ ಹಾದಿಯನ್ನು ತಾನೇ ಒಡೆದುಕೊಂಡಿತು. ನರಿಯ ಮನೆ ಕುಸಿಯಿತು, ಪಕ್ಕದ ಕಣಜವೂ ಕೊಚ್ಚಿಹೋಯಿತು. ತೇಲುವ ದಿಮ್ಮಿಯೊಂದನ್ನು ಹಿಡಿದುಕೊಂಡು ನರಿ ಕೂಗಿತು: "ನನ್ನ ಹಿಂದೆ ನಿಂತವರೆಲ್ಲ ಎಲ್ಲಿದ್ದೀರಿ?"

ಅವರೆಲ್ಲ ನೀರಿನಲ್ಲಿ ತಮ್ಮ ತಮ್ಮ ಮರಿಗಳನ್ನು ಹುಡುಕುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ದಿಮ್ಮಿ ನರಿಯನ್ನು ಹೊತ್ತುಕೊಂಡೇ ಹೋಯಿತು.

ದಿಬ್ಬದ ಮೇಲಿಂದ ಮುಳ್ಳುಹಂದಿ ಇಳಿದು ಬಂದು ಮೊಲದ ಒಂದು ಮರಿಯನ್ನು ಎತ್ತಿಕೊಂಡಿತು.

"ನಾನು ನಿನ್ನ ಹಿಂದೆ ನಿಂತಿರಲಿಲ್ಲ," ಎಂದಿತು ಮೊಲ.

"ಗೊತ್ತು. ಮೇಲೆ ಬಾ."

ನೀತಿ: ತನ್ನ ಹಕ್ಕಿನದನ್ನು ಇನ್ನೊಬ್ಬರ ದಾನವೆಂದು ಪಡೆದು ಮತ ಕೊಟ್ಟವರಿಗೆ, ಆಮೇಲೆ ಪ್ರಶ್ನೆ ಕೇಳಲು ಬಾಯಿ ಉಳಿಯುವುದಿಲ್ಲ.