ನಿಂಬೆವ್ವ ಕೇಳಿದ ಅಪ್ಪಣೆ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಫಕೀರವ್ವನವರು. ಕಣ್ಣಾರೆ ಕಂಡವರು. ಹೇಳುವಾಗ ಅವರು ಅವಸರ ಮಾಡುತ್ತಿರಲಿಲ್ಲ, ನಾನೂ ಮಾಡುವುದಿಲ್ಲ.

ಪೂಜ್ಯ ಚರಂತಯ್ಯಜ್ಜನವರು ತೊರೆಹಾಳದ ಹಳ್ಳದ ದಂಡೆಯ ವೀರಭದ್ರನ ಗುಡಿಯಲ್ಲಿ ವಾಸವಾಗಿದ್ದರು. ಮಠವಿಲ್ಲ, ಪಲ್ಲಕ್ಕಿಯಿಲ್ಲ. ಮಣ್ಣಿನ ಗೋಡೆಯ ಪಡಸಾಲೆ, ಒಂದು ಚಾಪೆ, ಒಂದು ತಂಬಿಗೆ, ಅಷ್ಟೇ. ವಯಸ್ಸಾಗಿ ಮೊಣಕಾಲು ಹಿಡಿದಿದ್ದವು. ಪೂಜೆಗೆ ಕುಳಿತರೆ ಏಳಲು ಗೋಡೆಯ ಆಸರೆ ಬೇಕಾಗುತ್ತಿತ್ತು.

ಆ ಗುಡಿಯಲ್ಲಿ ಸೋಮವಾರ ಅಪ್ಪಣೆ ಕೇಳುವ ಪದ್ಧತಿ. ದೇವರ ಎರಡೂ ಭುಜಗಳಿಗೆ ಒದ್ದೆ ಹೂವು ಹಚ್ಚುತ್ತಾರೆ. ಕೇಳುವವರು ಮನಸ್ಸಿನಲ್ಲಿಯೇ ಕೇಳಿಕೊಳ್ಳಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಕೆಲಸ ಆಯಿತೆಂದು, ಎಡಗಡೆಯದು ಬಿದ್ದರೆ ಇಲ್ಲವೆಂದು ತಿಳಿಯಬೇಕು.

ನಮ್ಮ ಅತ್ತೆಯ ಪಕ್ಕದ ಮನೆಯವಳು ನಿಂಬೆವ್ವ. ಗಂಡ ದೂರದ ಊರಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ, ಅಮಾವಾಸ್ಯೆಗೊಮ್ಮೆ ಬಂದುಹೋಗುತ್ತಿದ್ದ. ಮನೆಯಲ್ಲಿ ಅವಳ ಅತ್ತೆ ಸಾವಂತ್ರೆವ್ವ. ಲಕ್ವಾ ಹೊಡೆದು ಅರ್ಧ ಮೈ ಹೋಗಿತ್ತು, ಮಾತೂ ನಿಂತಿತ್ತು. ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಗಂಜಿ ಕುಡಿಸುವುದು, ಹೊಲಸಾದ ಹಾಸಿಗೆಯ ಕೌದಿಯನ್ನು ಹಳ್ಳಕ್ಕೆ ಒಯ್ದು ಒಗೆಯುವುದು ಎಲ್ಲವೂ ನಿಂಬೆವ್ವನದೇ. ಹೀಗೆಯೇ ವರ್ಷಗಳು ಕಳೆದಿದ್ದವು. ಓಣಿಯವರು ಬಾಗಿಲಲ್ಲಿ ನಿಂತು, "ಎಂಥಾ ಸೊಸಿ! ಪುಣ್ಯ ಕಟ್ಟಿಕೊಂಡಾಳ" ಎಂದು ಹೊಗಳಿ, ಮೂಗಿಗೆ ಸೆರಗು ಹಿಡಿದು ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ನಿಂಬೆವ್ವ ಗುಡಿಗೆ ಬಂದು ಅಪ್ಪಣೆಗೆ ಕುಳಿತಳು. ನಮ್ಮ ಅತ್ತೆಯೂ ಜೊತೆಗಿದ್ದರು. ಅಜ್ಜನವರು ಹೂವು ಹಚ್ಚಿ ಕೈ ತೆಗೆದರೋ ಇಲ್ಲವೋ, ಬಲಗಡೆಯದು ತಟ್ಟನೆ ಬಿತ್ತು.

ಅಪ್ಪಣೆಗೆ ಬಂದಿದ್ದ ಹೆಣ್ಣುಮಕ್ಕಳು ನಕ್ಕರು. "ಏ ನಿಂಬೆವ್ವಾ, ನಮ್ಮನ್ನಾದ್ರ ಮಧ್ಯಾಹ್ನದ ತನಕ ಕುಂದ್ರಸ್ತಾನ ಈ ವೀರಭದ್ರ! ನಿನಗ ಹಚ್ಚೂದ್ರಾಗ ಕೊಟ್ಟನಲ್ಲ, ಏನ ಲಂಚ ಕೊಟ್ಟೀ?" ಎಂದರು ನಮ್ಮ ಅತ್ತೆ.

ನಿಂಬೆವ್ವನ ಮುಖ ಸುಣ್ಣದಂತಾಯಿತು. ಬಿದ್ದ ಹೂವನ್ನು ಎರಡೂ ಕೈಯಲ್ಲಿ ಹಿಡಿದು, "ಅಜ್ಜಾರ, ಇದನ್ನ ತಿರುಗಿ ಹಚ್ಚರಿ" ಎಂದಳು.

"ಯಾಕವ್ವಾ, ಏನ ಕೇಳಿದ್ದಿ?"

"ನಮ್ಮತ್ತಿ ಲಗೂನ ಹೋಗ್ಲಿ ಅಂತ ಕೇಳೀನ್ರಿ."

ನಿಂಬೆವ್ವನಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಒಣಗಿದ ಕಣ್ಣಿನಿಂದಲೇ ಹೇಳಿದಳು: "ಹಿಂದಿನ ಜನ್ಮದ ಕರ್ಮ ಅಂತಾರ. ಮುಂದ ಪುಣ್ಯ ಬರತೈತಿ ಅಂತಾರ. ನನಗೊಂದೂ ಕಾಣವಲ್ದು. ಈ ಕಷ್ಟದಾಗ ಏನರೆ ಐತೇನ್ರಿ, ಅಜ್ಜಾರ? ಇದ್ರ ಹೇಳ್ರಿ, ಇನ್ನಷ್ಟ ದಿನಾ ಮಾಡತೀನಿ."

ಅಜ್ಜನವರು ಅವಳ ಕೈಯಲ್ಲಿದ್ದ ಹೂವನ್ನು ತೆಗೆದುಕೊಂಡು ದೇವರ ಮುಂದೆ ಇಟ್ಟರು. "ಕಷ್ಟದಾಗ ಏನೂ ಇಲ್ಲವ್ವಾ" ಎಂದರು. "ಕಷ್ಟಪಡೋರು ಇರತಾರ, ಅಷ್ಟ. ನೀ ಇಲ್ಲೇ ಮಲಗು."

ತಮ್ಮ ಚಾಪೆಯನ್ನು ಪಡಸಾಲೆಯಲ್ಲಿ ತಾವೇ ಹಾಸಿದರು. ಅವಳು ಬೇಡವೆನ್ನುವಷ್ಟರಲ್ಲಿಯೇ ನಿದ್ದೆ ಅವಳನ್ನು ಕೆಡವಿತು. ಅಜ್ಜನವರು ಗೋಡೆ ಹಿಡಿದು ಇಳಿದು, ನೆಟ್ಟಗೆ ನಿಂಬೆವ್ವನ ಮನೆಗೆ ನಡೆದರು.

ನೀರು ಕಾಯಿಸಿದರು. ಸಾವಂತ್ರೆವ್ವನಿಗೆ ಕೈ ಮುಗಿದು, "ತಾಯಿ, ಇವತ್ತ ನಾ ನಿನ್ನ ಮಗ" ಎಂದು ಹೇಳಿ ಹುಣ್ಣು ತೊಳೆದರು. ಮಗ್ಗುಲು ಬದಲಿಸಲು ಒಬ್ಬರಿಂದ ಆಗಲಿಲ್ಲ. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ನಮ್ಮ ಅತ್ತೆಯತ್ತ ಸುಮ್ಮನೆ ನೋಡಿದರು. "ಆ ನೋಟದಾಗ ಸಿಟ್ಟ ಇರಲಿಲ್ಲಪಾ, ಸಿಟ್ಟ ಇದ್ದಿದ್ರ ಮನೀಗೆ ಹೋಗಿಬಿಡತಿದ್ದೆ" ಎನ್ನುತ್ತಿದ್ದರು ನಮ್ಮ ಅತ್ತೆ. ಮೂಗಿನ ಸೆರಗು ತೆಗೆದು ಅವರು ಒಳಗೆ ಹೋದರು. ಮುದುಕಿಯ ಹೆಗಲು ಹಿಡಿದರು.

ಆಮೇಲೆ ಅಜ್ಜನವರು ಕೌದಿಯನ್ನು ಹೊತ್ತು ಹಳ್ಳಕ್ಕೆ ಹೋದರು. ಸ್ವಾಮಿಗಳು ಮೊಣಕಾಲು ಊರಿ ಹೊಲಸು ಒಗೆಯುವುದನ್ನು ಕಂಡು, "ಕೊಡ್ರಿ ಅಜ್ಜಾರ, ನಮಗ ಪಾಪ ಹತ್ತತೈತಿ" ಎಂದು ಹೆಂಗಸರು ಓಡಿ ಬಂದರು. "ಇದೊಂದ ನಾ ಒಗೀತೀನಿ. ನಾಳೆಯದು ನೀವು ಒಗೀರಿ" ಎಂದರಂತೆ ಅಜ್ಜನವರು.

ಹೊತ್ತು ಇಳಿಯುವಾಗ ನಿಂಬೆವ್ವನಿಗೆ ಎಚ್ಚರವಾಯಿತು. ಎದ್ದವಳೇ, ಅತ್ತೆ ಹೋಗಿಯೇಬಿಟ್ಟಳೆಂದು ತಿಳಿದು ಓಡಿದಳು. ದಾರಿಯಲ್ಲಿ ಎಡವಿ ಮೊಣಕೈ ತರಚಿಕೊಂಡಳು. ಬಾಗಿಲು ದಾಟಿದರೆ, ತೊಳೆದ ಮೈಯಲ್ಲಿ ಸಾವಂತ್ರೆವ್ವ ಕಣ್ಣು ಬಿಟ್ಟು ಮಲಗಿದ್ದಳು. ಪಕ್ಕದಲ್ಲಿ ಅಜ್ಜನವರು ಗೋಡೆಗೆ ಒರಗಿದ್ದರು, ಮೈಯೆಲ್ಲ ಬೆವರು.

ಅವಳು ಕಾಲಿಗೆ ಬೀಳುವ ಮೊದಲೇ ಅವರು ಕಷ್ಟಪಟ್ಟು ಎದ್ದು, ಬಾಗಿ, ಅವಳ ಪಾದ ಮುಟ್ಟಿದರು.

"ಒಂದ ಹೊತ್ತಿಗೇ ನನ್ನ ನಡಾ ಬಿತ್ತವ್ವಾ."

"ಬ್ಯಾಡ್ರಿ ಅಜ್ಜಾರ, ನಾ ಆಕಿ ಸಾವು ಕೇಳಿದಾಕಿ!"

"ಹೌದು, ಕೇಳಿದಿ. ಕೇಳಿದಾಕಿ ಮತ್ತ ಓಡಿ ಬಂದೀ."

ಇಷ್ಟೇ ಮಾತು. ನಿಂಬೆವ್ವ ಅತ್ತೆಯ ಎದೆಯ ಮೇಲೆ ತಲೆಯಿಟ್ಟಳು. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು. ಮುದುಕಿಯ ಜೀವವಿದ್ದ ಒಂದು ಕೈ ಮೆಲ್ಲಗೆ ಎದ್ದು ಸೊಸೆಯ ಕೂದಲಿನ ಮೇಲೆ ಬಿತ್ತು.

ಸಾವಂತ್ರೆವ್ವ ಆಮೇಲೆಯೂ ಎರಡು ಸುಗ್ಗಿ ಬದುಕಿದ್ದಳು. ಕೆಲಸ ಹಗುರಾಗಲಿಲ್ಲ, ವಾಸನೆ ಕಡಿಮೆಯಾಗಲಿಲ್ಲ. ಆದರೆ ಓಣಿಯ ಹೆಂಗಸರು ಪಾಳಿ ಹಚ್ಚಿಕೊಂಡು ಕೌದಿ ಒಗೆದರು, ನಿಂಬೆವ್ವ ನಿದ್ದೆ ಮಾಡಿದಳು. ಅರ್ಥವೇನೆಂದು ಅವಳು ಮತ್ತೆ ಕೇಳಲಿಲ್ಲ. ನಮ್ಮ ಅತ್ತೆಯಂತೂ ಸಾಯುವವರೆಗೆ, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಕರೆಯದೆಯೇ ಹೋಗುತ್ತಿದ್ದರು. ಅಜ್ಜನವರು ತಮಗೆ ಕೊಟ್ಟ ದೀಕ್ಷೆ ಅದೇ ಎನ್ನುತ್ತಿದ್ದರು.

ಓದಿದ ತಾವು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ನನ್ನ ವಿನಂತಿ. ರೋಗಿಯ ಸೇವೆಯಲ್ಲಿ ದಣಿದವರು ಯಾರಾದರೂ ನಿಮ್ಮ ಓಣಿಯಲ್ಲಿಯೂ ಇರುತ್ತಾರೆ, ಅವರಿಗೆ ತಪ್ಪದೆ ಹೇಳಿರಿ. ಆದರೆ ಹೋದ ಕೂಡಲೇ ಹೇಳಬೇಡಿರಿ. ಮೊದಲು ಅವರ ಕೈಯಲ್ಲಿರುವ ಕೆಲಸವನ್ನು ಇಸಿದುಕೊಳ್ಳಿರಿ, ಅವರು ಮಲಗಿ ಏಳಲಿ. ಕಥೆ ಆಮೇಲೆ.