ಸಾಲು ಬಿಟ್ಟು ಬಂದ ನೇಕಾರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮೈಯಲ್ಲಿ ನೋವಿಲ್ಲದಿರುವಾಗ ರೋಗವನ್ನು ಹುಡುಕಿಕೊಂಡು ಏಕೆ ಹೋಗಬೇಕು? ತಿಳಿಯದೆ ಇದ್ದರೆ ಮನಸ್ಸಿಗೆ ನೆಮ್ಮದಿಯಲ್ಲವೇ?"

ಗುರು ಹೇಳಿದರು:

ಒಬ್ಬ ನೇಕಾರನಿದ್ದ. ಹೆಂಡ ಮುಟ್ಟಿದವನಲ್ಲ. ನಲವತ್ತು ದಾಟಿದ ಮೇಲೆ ಅವನಿಗೆ ಬಾಯಾರಿಕೆ ಹೆಚ್ಚಾಯಿತು. ಮೂತ್ರಕ್ಕೆಂದು ಮಗ್ಗದಿಂದ ಪದೇ ಪದೇ ಎದ್ದು ಹೋಗುತ್ತಿದ್ದ. ಅವನ ಹೆಂಡತಿಗೆ ಗಾಬರಿಯಾಯಿತು. ಅವಳ ಅಣ್ಣ ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡಿದ್ದ. ಅವನಿಗೂ ಹೀಗೇ ಶುರುವಾಗಿತ್ತು. ಊರ ಶಾಲೆಯಲ್ಲಿ ರಕ್ತಪರೀಕ್ಷೆಯ ಶಿಬಿರ ನಡೆದಾಗ ಗಂಡನನ್ನು ಒತ್ತಾಯಿಸಿ ಕಳುಹಿಸಿದಳು.

ನೇಕಾರ ಸಾಲಿನಲ್ಲಿ ನಿಂತ. ಮುಂದಿದ್ದವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಹೇಳಿದ್ದು ಅವನ ಕಿವಿಗೆ ಬಿತ್ತು. ತನ್ನ ಸರದಿ ಬರುವ ಮೊದಲೇ ಸಾಲು ಬಿಟ್ಟು ಮನೆಗೆ ಬಂದ.

"ಏನಂದರು?" ಎಂದಳು ಹೆಂಡತಿ.

"ಏನೂ ಇಲ್ಲವಂತೆ."

ಅವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅದನ್ನು ಕಂಡ ಮೇಲೆ ನಿಜ ಹೇಳುವುದು ಅವನಿಗೆ ಇನ್ನೂ ಕಷ್ಟವಾಯಿತು. ಅಂದಿನಿಂದ ಅವಳ ಎದುರು ನೀರು ಕುಡಿಯುವುದನ್ನೂ ಬಿಟ್ಟ. ಹಿತ್ತಲಿಗೆ ಹೋಗಿ ಕುಡಿದು ಬರುತ್ತಿದ್ದ.

ಹೀಗೆ ಆರು ವರ್ಷ ಕಳೆಯಿತು. ಆಮೇಲೆ ಕಾಲು ಊದಿತು. ಹೊಟ್ಟೆಯಲ್ಲಿ ನೀರು ತುಂಬಿತು. ಕಣ್ಣು ಹಳದಿಯಾಯಿತು. ಕದ್ದು ಹೆಂಡ ಕುಡಿಯುತ್ತಿದ್ದಾನೆಂದು ಓಣಿಯವರು ಮಾತಾಡಿಕೊಂಡರು. ಹೆಂಡತಿಗೂ ಸಂಶಯ ಬಂತು. ಅವನು ಮಲಗಿದ್ದಾಗ ಬಾಯಿಯ ಹತ್ತಿರ ಬಾಗಿ ಮೂಸಿ ನೋಡಿದಳು. ಏನೂ ವಾಸನೆಯಿರಲಿಲ್ಲ. ಅವಳ ಭಯ ಇನ್ನಷ್ಟು ಹೆಚ್ಚಿತು.

ಪೇಟೆಯ ವೈದ್ಯರು ಪರೀಕ್ಷಿಸಿ ಹೇಳಿದರು: "ಇದು ಕುಡಿತದಿಂದ ಬಂದದ್ದಲ್ಲ. ಸಕ್ಕರೆ ಕಾಯಿಲೆ ಇರುವ ಎಷ್ಟೋ ಜನರ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ನೋಡದೆ ಬಿಟ್ಟರೆ ಯಕೃತ್ತು ಗಟ್ಟಿಯಾಗುತ್ತಾ ಹೋಗಬಹುದು. ಇವರಿಗೆ ಸಕ್ಕರೆ ಎಷ್ಟು ವರ್ಷದಿಂದ ಇದೆ?"

"ಇವರಿಗೆ ಸಕ್ಕರೆ ಇಲ್ಲ ಡಾಕ್ಟರೇ. ಶಿಬಿರದಲ್ಲಿ ನೋಡಿಸಿದ್ದೇವೆ" ಎಂದಳು ಹೆಂಡತಿ.

ನೇಕಾರ ತಲೆ ತಗ್ಗಿಸಿದ. ಅವಳಿಗೆ ಅರ್ಥವಾಯಿತು.

ಔಷಧದಿಂದ ಸಕ್ಕರೆ ಹತೋಟಿಗೆ ಬಂತು. ಹೊಟ್ಟೆಯ ನೀರು ಇಳಿಯಿತು. ಆದರೆ ಯಕೃತ್ತು ಮೊದಲಿನಂತಾಗಲಿಲ್ಲ, ಕೈಗೆ ಬಲವೂ ಮರಳಲಿಲ್ಲ. ಮಗ್ಗಕ್ಕೆ ಹೆಂಡತಿಯೇ ಕುಳಿತಳು.

ಒಂದು ದಿನ ಅವನು, "ನೀನು ಹೆದರಬಾರದೆಂದು ಸುಳ್ಳು ಹೇಳಿದೆ" ಎಂದ.

ಅವಳು ನೂಲಿನಿಂದ ಕಣ್ಣೆತ್ತಲಿಲ್ಲ. "ಈಗ ದಿನಾ ಬೆಳಿಗ್ಗೆ ನಿಮ್ಮ ಕಣ್ಣಿನ ಬಣ್ಣ ನೋಡಿದ ಮೇಲೆಯೇ ನಾನು ಕೆಲಸಕ್ಕೆ ಕೂರುವುದು" ಎಂದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಮತ್ತೇನೋ ಕೇಳಲು ಬಾಯಿ ತೆರೆದ. ಗುರು ಅವನ ಮುಖವನ್ನೇ ನೋಡಿ ಕೇಳಿದರು:

"ಅದಿರಲಿ, ನಿನಗೆ ಏನಾಗುತ್ತಿದೆ?"